ಮಕ್ಕಳ ಕೈಗೆ ಎಂಥ ಪುಸ್ತಕ?

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿದಾಗ ವಿಷಯವನ್ನು ನಾವೇ ಆರಿಸಿಕೊಳ್ಳಬಹುದೆಂದೂ ಹೇಳಿದರು. ಇಂಥ ವೇದಿಕೆಯ ಮೇಲೆ ಸಾಮಾನ್ಯವಾಗಿ ಶಿಲಾಹಾರರ ಶಾಸನಗಳ ಮಾತು ಬರುತ್ತದೆ. ಮಹಾಲಕ್ಷ್ಮಿಯ ಗುಡಿಯ, ಖಿದ್ರಾಪುರದ ಕೋಪೇಶ್ವರನ ಗುಡಿಯ ಕಲ್ಲುಗಳ ಮೇಲಿನ ಕನ್ನಡ ಅಕ್ಷರಗಳ ಮಾತು ಬರುತ್ತದೆ. ಅದು ಬರತಕ್ಕದ್ದೇ. ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು ಈ ಭಾಗದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಅಚ್ಚು ಹಾಕಿಸಿದ ಸಂಪುಟವು ನಮ್ಮೆಲ್ಲರ ಹೆಮ್ಮೆಯ ಸೊತ್ತು. ಆದರೆ ಆ ಕಲ್ಲುಗಳನ್ನು ಮುಂದೆ ಓದತಕ್ಕವರು ಯಾರು ಎಂಬ ಪ್ರಶ್ನೆಯು ನಮ್ಮಂಥ ಉಪಾಧ್ಯಾಯರಿಗೆ ದಿನವೂ ಎದುರಾಗುತ್ತದೆ. ಆದುದರಿಂದ ಇಂದು ಕಲ್ಲುಗಳನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಬೇಕೆಂದು ಮಾಡಿದ್ದೇವೆ.

ನಮ್ಮ ವಿಷಯವು ಹತ್ತು ವರ್ಷದಿಂದ ಹದಿಮೂರು ವರ್ಷದವರೆಗಿನ ಮಕ್ಕಳ ಓದು. ಐದನೆಯ ಇಯತ್ತೆಯಿಂದ ಎಂಟನೆಯ ಇಯತ್ತೆಯವರೆಗಿನ ನಮ್ಮ ಮನೆಯ ಹುಡುಗ ಹುಡುಗಿಯರ ಕೈಯಲ್ಲಿ, ಪಠ್ಯಪುಸ್ತಕವನ್ನು ಬಿಟ್ಟು, ಎಂಥ ಕನ್ನಡ ಪುಸ್ತಕವಿರಬೇಕು ಎಂಬುದು. ಪಠ್ಯಪುಸ್ತಕದ ಚಿಂತೆ ನಮಗೆ ಅಷ್ಟಿಲ್ಲ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿ ಕೊಡುತ್ತಿದೆ. ಶಾಲೆಯ ಗಂಟೆ ಹೊಡೆದ ಮೇಲೆ ಮಗು ಏನನ್ನು ಓದುತ್ತದೆ, ಯಾವ ಭಾಷೆಯಲ್ಲಿ ಓದುತ್ತದೆ ಎಂಬುದೇ ನಮ್ಮ ಚಿಂತೆ.

ಮೊದಲು ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನದ ಪುಸ್ತಕಗಳನ್ನು ಆರಿಸುವ ಕೆಲಸ ಹಲವು ವರ್ಷಗಳಿಂದ ನಮ್ಮ ಪಾಲಿನದು. ನಾವು ಪ್ರತಿ ಸಲವೂ ಬೆಳಗಾವಿಗೆ ಹೋಗಿ, ಶ್ರದ್ಧೆಯಿಂದಲೇ, ನೀತಿಬೋಧೆಯ ಪುಸ್ತಕಗಳನ್ನೂ ಸುಭಾಷಿತ ಸಂಗ್ರಹಗಳನ್ನೂ ಮಹಾಪುರುಷರ ಚರಿತ್ರೆಗಳನ್ನೂ ತರುತ್ತಿದ್ದೆವು. ಹೊತ್ತಗೆ ದಪ್ಪವಾಗಿರಬೇಕು, ರಟ್ಟು ಗಟ್ಟಿಯಾಗಿರಬೇಕು, ಒಳಗೆ ಒಳ್ಳೆಯ ಮಾತುಗಳಿರಬೇಕು ಎಂಬಿಷ್ಟೇ ನಮ್ಮ ಅಳತೆಗೋಲಾಗಿತ್ತು.

ಹೋದ ವರ್ಷ ಕಾರ್ಯನಿಮಿತ್ತವಾಗಿ ಇಚಲಕರಂಜಿಯಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ಸೋದರಮಾವನ ಮನೆಗೆ ಹೋಗಿದ್ದೆವು. ರಜೆಗೆಂದು ಅವಳೂ ಅಲ್ಲಿಗೆ ಬಂದಿದ್ದಳು. ಪಕ್ಕದ ಕೋಣೆಯಲ್ಲಿ ನಾಲ್ಕು ಮಗ್ಗಗಳು ಒಂದೇ ಸಮನೆ ಸಪ್ಪಳ ಮಾಡುತ್ತಿದ್ದವು. ಮಾತು ಕೇಳಬೇಕಾದರೆ ಕೂಗಬೇಕು. ದೇವರ ಜಗುಲಿಯ ಮೇಲೆ, ಲಕ್ಷ್ಮಿಯ ಪಟದ ಬದಿಗೆ, ನಾವು ಕೊಟ್ಟ ಬಹುಮಾನದ ಪುಸ್ತಕವು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದಂತೆಯೇ ಇತ್ತು. ಮಾವನಿಗೆ ತೋರಿಸಲೆಂದು ಊರಿನಿಂದ ತಂದವಳು ಅಲ್ಲಿ ಇಟ್ಟಿದ್ದಳು. ಅದರ ಮೇಲೆ ಕುಂಕುಮದ ಬೊಟ್ಟೂ ಬಿದ್ದಿತ್ತು.

“ಇದನ್ನು ಓದಿದೆಯೇನಮ್ಮಾ?” ಎಂದು ಕೇಳಿದೆವು.

“ಇಲ್ರಿ ಸರ್. ಅದು ಬಹುಮಾನದ್ದೈತಿ. ಓದಿದರ ಹರೀತೈತ್ರಿ” ಎಂದಳು.

ಅವಳ ತಾಯಿ ನಡುವೆ ಬಾಯಿ ಹಾಕಿ, “ಓದೂದು ಭಾಳ ಓದ್ತಾಳ್ರಿ ಗುರುಗಳ, ಆದರ ಅದನ್ನಲ್ಲ. ಬಾಜೂ ಮನಿ ಹುಡುಗಿ ಕಡೆ ತಂದು ಓದ್ತಾಳ” ಎಂದರು. ತಲೆದಿಂಬಿನ ಕೆಳಗಿನಿಂದ ಹೊರಬಂದದ್ದು ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ಮಾಲೆಯ ಒಂದು ಮರಾಠಿ ಪುಸ್ತಕ. ಮೂಲೆಗಳು ಮಡಚಿದ್ದವು, ನಡುವಿನ ಒಂದು ಹಾಳೆ ಹರಿದು ಅಂಟಿಸಿತ್ತು, ಎಣ್ಣೆಯ ಕಲೆಯೂ ಇತ್ತು. ಆ ಪುಸ್ತಕವನ್ನು ಮೂರು ಮಕ್ಕಳಾದರೂ ಪೂರ್ತಿಯಾಗಿ ಓದಿರಬೇಕು.

ಹಿಂತಿರುಗುವ ದಾರಿಯುದ್ದಕ್ಕೂ ನಾವು ಇದನ್ನೇ ಯೋಚಿಸಿದೆವು. ಆ ಹುಡುಗಿಗೆ ಕನ್ನಡವೆಂದರೆ ಅನಾದರವಿಲ್ಲ, ಅತಿಯಾದ ಆದರವಿದೆ. ಅವಳು ಕನ್ನಡ ಪುಸ್ತಕವನ್ನು ಜಗುಲಿಯ ಮೇಲೆ ಇಟ್ಟಳು, ಮರಾಠಿ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟಳು. ಒಂದು ಗೌರವದ ಭಾಷೆಯಾಯಿತು, ಇನ್ನೊಂದು ಸಂತೋಷದ ಭಾಷೆಯಾಯಿತು. ಹೀಗೆ ಪಾಲು ಮಾಡಿಕೊಟ್ಟವರು ಯಾರು? ಮರಾಠಿಯವರಲ್ಲ, ಸರಕಾರವಲ್ಲ, ಪುಸ್ತಕವನ್ನು ಆರಿಸಿ ತಂದ ನಾವು. ಹತ್ತು ಹನ್ನೊಂದರ ವಯಸ್ಸಿನಲ್ಲಿ ನಗಲಿಕ್ಕೂ ಹೆದರಲಿಕ್ಕೂ ಬೆರಗಾಗಲಿಕ್ಕೂ ಯಾವ ಭಾಷೆಯ ಪುಸ್ತಕ ಬೇಕಾಯಿತೋ, ಆ ಭಾಷೆಯಲ್ಲಿಯೇ ಮಗು ಮುಂದೆಯೂ ತಾನಾಗಿ ಓದುತ್ತದೆಂಬುದು ನಮ್ಮ ಇಪ್ಪತ್ತು ವರ್ಷಗಳ ಅನುಭವ. ಗಡಿಯಾಚೆ ಧಾರವಾಡದಲ್ಲಿಯೋ ಹಾವೇರಿಯಲ್ಲಿಯೋ ಇರುವ ಮಗುವಿಗೆ ಅಂಗಡಿಯ ಹಲಗೆ, ಬಸ್ಸಿನ ಬೋರ್ಡು, ಗೋಡೆಯ ಜಾಹೀರಾತು ಎಲ್ಲವೂ ಕನ್ನಡವನ್ನು ಓದಿಸುತ್ತವೆ. ಇಲ್ಲಿಯ ಮಗುವಿಗೆ ಆ ಅನುಕೂಲವಿಲ್ಲ. ಅದಕ್ಕೆ ಉಳಿದಿರುವುದು ಪುಸ್ತಕವೊಂದೇ. ಆದುದರಿಂದ ಪುಸ್ತಕವನ್ನು ಆರಿಸುವ ಕೆಲಸವು ನಮಗೆ ಧಾರವಾಡದವರಿಗಿಂತ ಹೆಚ್ಚು ಹೊಣೆಯದು.

ಈ ವಯಸ್ಸಿನ ಸ್ವಭಾವವನ್ನು ಸ್ವಲ್ಪ ನೋಡೋಣ. ಎಂಟು ಒಂಬತ್ತು ವರ್ಷದವರೆಗೆ ಮಗುವಿಗೆ ಹಾಡು ಬೇಕು, ಪ್ರಾಸ ಬೇಕು, ಮಾತಾಡುವ ಕರಡಿ ಬೇಕು. ಅದಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಪಂಜೆ ಮಂಗೇಶರಾಯರಿಂದ ಜಿ. ಪಿ. ರಾಜರತ್ನಂ ಅವರವರೆಗೆ ಹಿರಿಯರು ಕೈತುಂಬ ಕೊಟ್ಟು ಹೋಗಿದ್ದಾರೆ. ಹದಿನೈದು ದಾಟಿದ ಮೇಲೆ ಕಾದಂಬರಿಯ ದೊಡ್ಡ ಹೊಲವೇ ಇದೆ. ನಡುವಿನ ನಾಲ್ಕು ವರ್ಷಗಳಲ್ಲಿ ಮಗುವು ಮಾತಾಡುವ ಕರಡಿಯನ್ನು ನಂಬುವುದಿಲ್ಲ, ದೊಡ್ಡವರ ಸಂಸಾರದ ದುಃಖವೂ ಅದಕ್ಕೆ ತಿಳಿಯುವುದಿಲ್ಲ. ತನ್ನಷ್ಟೇ ವಯಸ್ಸಿನ ಹುಡುಗನೊಬ್ಬನು ಮನೆಯವರಿಗೆ ಹೇಳದೆ ಎಲ್ಲಿಗೋ ಹೋಗಬೇಕು. ಗೆಳೆಯನೊಬ್ಬನು ಮೋಸ ಮಾಡಬೇಕು, ಅನಂತರ ಒಂದಾಗಬೇಕು. ದೊಡ್ಡವರು ಕಾಣದ್ದನ್ನು ಚಿಕ್ಕವರು ಕಂಡುಹಿಡಿಯಬೇಕು. ಅನ್ಯಾಯ ಮಾಡಿದವನು ಸಿಕ್ಕಿಬೀಳಬೇಕು. ಇಲ್ಲವೆ, ಯಂತ್ರ ಹೇಗೆ ನಡೆಯುತ್ತದೆ, ಹಾವು ಹೇಗೆ ಪೊರೆ ಬಿಡುತ್ತದೆ, ಎಂದು ತಿಳಿಯಬೇಕು. ನೀತಿಯ ಮೇಲೆ ಈ ಮಕ್ಕಳಿಗೆ ದ್ವೇಷವೇನೂ ಇಲ್ಲ. ನ್ಯಾಯ ಅನ್ಯಾಯಗಳ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಮತ್ತಾರೂ ಇಲ್ಲ. ತರಗತಿಯಲ್ಲಿ ಒಬ್ಬನಿಗೆ ಅರ್ಧ ಅಂಕ ಹೆಚ್ಚು ಕೊಟ್ಟು ನೋಡಿರಿ, ಗೊತ್ತಾಗುತ್ತದೆ. ಆದರೆ ಪುಸ್ತಕವು ಬೆರಳೆತ್ತಿ ಹೇಳುವುದನ್ನು ಮಾತ್ರ ಅವರು ಸಹಿಸುವುದಿಲ್ಲ. ಅದನ್ನು ಹಗಲೆಲ್ಲ ನಾವೇ ಮಾಡುತ್ತಿರುತ್ತೇವಷ್ಟೆ.

ನಮ್ಮ ಹಿರಿಯರು ಇದನ್ನು ತಿಳಿಯದವರಲ್ಲ. ಶಾಲಾ ಇಲಾಖೆಯ ಅಧಿಕಾರಿಗಳಾಗಿದ್ದ ಪಂಜೆಯವರು ಗೆಳೆಯರೊಡನೆ 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು. ಇಲಾಖೆಯ ಕೆಲಸದಲ್ಲಿದ್ದವರೇ ಇಲಾಖೆಯ ಪುಸ್ತಕಗಳು ಸಾಲವೆಂದು ಕಂಡುಕೊಂಡದ್ದು ನಮಗೆ ಬಹಳ ಮೆಚ್ಚಿಗೆಯ ಸಂಗತಿ. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ನಕ್ಷತ್ರದಿಂದ ಹಿಡಿದು ನೆಲದ ಹುಳುವಿನವರೆಗೆ ಮಗುವು ಕೇಳಬಹುದಾದುದನ್ನೆಲ್ಲ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿದ ಸಾಹಸವದು. 1949ರಿಂದ ‘ಚಂದಮಾಮ’ವು ಕನ್ನಡದಲ್ಲಿ ಬರತೊಡಗಿ ಮನೆಮನೆಯ ಮಾತಾಯಿತು. ಇಲ್ಲಿ ಕುಳಿತಿರುವ ನಮ್ಮ ಓರಗೆಯವರು ಅನೇಕರು ಶಾಲೆಗಿಂತ ‘ಚಂದಮಾಮ’ದಿಂದಲೇ ಓದಲು ಕಲಿತವರು. ಅದು ಈಗ ಪ್ರಕಟವಾಗುತ್ತಿಲ್ಲ. ಅದರ ಸ್ಥಾನವನ್ನು ಯಾವುದೂ ಪೂರ್ತಿಯಾಗಿ ತುಂಬಿಲ್ಲವೆಂದು ಹೇಳಬೇಕಾಗಿದೆ. ಮರಾಠಿ ಮಕ್ಕಳಿಗಾದರೋ ಬಾಲಭಾರತಿಯು 1971ರಲ್ಲಿ ಆರಂಭಿಸಿದ ‘ಕಿಶೋರ್’ ಮಾಸಿಕವಿದೆ. ಹೆಸರೇ ಹೇಳುವಂತೆ ಅದು ಇದೇ ವಯಸ್ಸಿನವರಿಗಾಗಿ ಹುಟ್ಟಿದ್ದು.

ಇನ್ನು ಮಹಾಪುರುಷರ ಚರಿತ್ರೆಗಳು. ರಾಷ್ಟ್ರೋತ್ಥಾನ ಸಾಹಿತ್ಯದವರು ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ ಭಾರತಿ’ ಮಾಲೆಯಲ್ಲಿ 510 ಚಿಕ್ಕ ಪುಸ್ತಕಗಳನ್ನು ಹೊರತಂದರು. ಅಂಗೈಯಗಲದ ಆ ಪುಸ್ತಕಗಳಿಗೆ ನಾವೂ ಋಣಿಗಳು. ಒಂದು ವಿದ್ಯಾರ್ಥಿ ಭಾಷಣಕ್ಕೆ ಸಿದ್ಧನಾಗಬೇಕಾದರೆ ಅವುಗಳಷ್ಟು ಉಪಯುಕ್ತವಾದವು ಬೇರೆಯಿಲ್ಲ. ಆದರೆ ಭಾಷಣಕ್ಕೆ ಸಿದ್ಧನಾಗುವುದು ಬೇರೆ, ರಾತ್ರಿ ದೀಪವಾರಿಸಲು ತಾಯಿ ಕೂಗಿದರೂ ‘ಇನ್ನೊಂದು ಪುಟ’ ಎನ್ನುವುದು ಬೇರೆ. ಚರಿತ್ರೆಯನ್ನು ಕೊಡುವುದಾದರೆ ಹುಟ್ಟಿದ ತಾರೀಖಿನಿಂದ ಆರಂಭವಾಗದ, ಹುಡುಗನಾಗಿದ್ದ ಮನುಷ್ಯನನ್ನು ತೋರಿಸುವ ಚರಿತ್ರೆಯನ್ನು ಕೊಡಿರಿ. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಅಂಥದು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡದಲ್ಲಿ ಮೊದಲು ಪುರಸ್ಕೃತವಾದದ್ದು ಅದೇ.

ಆ ಪುರಸ್ಕಾರದ ಪಟ್ಟಿಯನ್ನು ನೋಡಿದರೆ ಒಂದು ಸಂತೋಷದ ಸಂಗತಿ ತಿಳಿಯುತ್ತದೆ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ - ಹೀಗೆ ಮೂರು ವರ್ಷ ಸಾಲಾಗಿ ಪ್ರಶಸ್ತಿ ಪಡೆದವು ಮಕ್ಕಳ ಕಾದಂಬರಿಗಳು. ನಾ. ಡಿಸೋಜರು ಮಲೆನಾಡಿನ ಮುಳುಗಡೆಯ ಊರುಗಳನ್ನು ಮಕ್ಕಳ ಕಣ್ಣಿನ ಮುಂದೆ ತಂದ ‘ಮುಳುಗಡೆಯ ಊರಿಗೆ ಬಂದವರು’ ಅದಕ್ಕೂ ಮೊದಲಿನದು. ಆದುದರಿಂದ ‘ಕನ್ನಡದಲ್ಲಿ ಈ ವಯಸ್ಸಿಗೆ ಪುಸ್ತಕಗಳೇ ಇಲ್ಲ’ ಎಂದು ಕೈಚೆಲ್ಲುವುದು ಇಂದು ಸರಿಯಲ್ಲ. ಪುಸ್ತಕಗಳು ಇವೆ, ಅವು ಕೊಲ್ಲಾಪುರದ ಅಂಗಡಿಗೆ ಬರುವುದಿಲ್ಲ, ನಾವು ತರುವುದಿಲ್ಲ. ‘ಓಡಿ ಹೋದ ಹುಡುಗ’ ಎಂಬ ಹೆಸರನ್ನು ಕೇಳಿಯೇ ನಮ್ಮ ಆರನೆಯ ಇಯತ್ತೆಯ ಹುಡುಗರು ಕೈ ಚಾಚಿದರು. ಒಬ್ಬ ತಂದೆ ಮಾತ್ರ, “ಸರ್, ಇಂಥಾದ್ದು ಓದಿ ಇವನೂ ಓಡಿಹೋದರ?” ಎಂದು ಗಾಬರಿಯಿಂದ ಕೇಳಿದರು. ಹುಡುಗ ಓಡಿಹೋಗಲಿಲ್ಲ. ಪುಸ್ತಕ ಮುಗಿಯುವ ತನಕ ಮನೆಯಿಂದ ಹೊರಗೇ ಬರಲಿಲ್ಲವೆಂದು ಆ ತಂದೆಯೇ ಅನಂತರ ಹೇಳಿದರು.

ಈಗ ನಮ್ಮ ಗಡಿನಾಡಿಗೇ ಸೇರಿದ ಒಂದು ತೊಡಕಿನ ವಿಷಯಕ್ಕೆ ಬರುತ್ತೇವೆ. ಇದನ್ನು ಬೆಂಗಳೂರಿನ ಪ್ರಕಾಶಕರು ಅರಿಯರು. ಅವರನ್ನು ದೂರಿ ಫಲವಿಲ್ಲ. ಕನ್ನಡ ಮಕ್ಕಳ ಪುಸ್ತಕಗಳು ಬಹುಮಟ್ಟಿಗೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಮೈಸೂರು ಸೀಮೆಯಲ್ಲಿ ಹುಟ್ಟಿದವು. ಅಲ್ಲಿ ಅಡಿಕೆಯ ತೋಟವಿದೆ, ಜಡಿಮಳೆಯಿದೆ, ರಾಗಿಯ ಮುದ್ದೆಯಿದೆ. ನಮ್ಮ ಮಗುವಿಗೆ ಗೊತ್ತಿರುವುದು ಕಬ್ಬು, ಜೋಳದ ರೊಟ್ಟಿ, ಹಿರಣ್ಯಕೇಶಿಯ ನೆರೆ, ಪಂಚಗಂಗೆಯ ಘಾಟು. ಒಮ್ಮೆ ಗಡಹಿಂಗ್ಲಜದ ಕಡೆಯ ಮಕ್ಕಳಿಗೆ ಕಥೆಯೊಂದನ್ನು ಓದುತ್ತಿರುವಾಗ ‘ಆಲೆಮನೆ’ ಎಂಬ ಮಾತು ಬಂತು. ಇಡೀ ತರಗತಿ ನಿಂತುಬಿಟ್ಟಿತು. ಆನೆಯ ಮನೆಯೇ, ಆಲದ ಮರದ ಕೆಳಗಿನ ಮನೆಯೇ ಎಂದು ಊಹೆಗಳು ಹೊರಟವು. “ಗಾಣ ಇರತೈತಲ್ಲ, ಬೆಲ್ಲಾ ಮಾಡ್ತಾರಲ್ಲ, ಗುರ್ಹಾಳ” ಎಂದೊಡನೆ ಇಪ್ಪತ್ತು ಬಾಯಿಗಳು ಒಟ್ಟಿಗೆ ತೆರೆದವು. ಪ್ರತಿಯೊಬ್ಬನಿಗೂ ಸ್ವಂತದ ಗುರ್ಹಾಳದ ಕಥೆಯಿತ್ತು. ಕುದಿಯುವ ಕಾಕಂಬಿಗೆ ಕೈ ಸುಟ್ಟುಕೊಂಡವನೊಬ್ಬ ತೋಳು ಮಡಚಿ ಗಾಯದ ಗುರುತನ್ನೂ ತೋರಿಸಿದ. ಆ ದಿನ ಪುಸ್ತಕ ಎರಡೇ ಪುಟ ಮುಂದೆ ಹೋಯಿತು, ಆದರೆ ‘ಆಲೆಮನೆ’ಯನ್ನು ಅವರು ಮತ್ತೆ ಮರೆಯಲಿಲ್ಲ. ಬೆಲ್ಲಕ್ಕೆ ಹೆಸರಾದ ಕೊಲ್ಲಾಪುರ ಸೀಮೆಯ ಮಕ್ಕಳಿಗೆ ಬೆಲ್ಲ ಮಾಡುವ ಮನೆಯ ಗ್ರಂಥಸ್ಥ ಕನ್ನಡ ಹೆಸರು ತಿಳಿಯದೆ ಇದ್ದದ್ದು ಅವರ ತಪ್ಪಲ್ಲವಷ್ಟೆ. ಹಾಗೆಯೇ ಇಚಲಕರಂಜಿಯ ಮಗುವಿಗೆ ‘ಲಾಳಿ’ ತಿಳಿಯದು, ‘ಧೋಟಾ’ ತಿಳಿದಿದೆ. ವಸ್ತುವನ್ನು ಕೈಯಲ್ಲಿ ಹಿಡಿದವನಿಗೆ ಅದರ ಇನ್ನೊಂದು ಹೆಸರನ್ನು ಕಲಿಸುವುದು ಬಹಳ ಸುಲಭ.

ಇದರಿಂದ ನಾವು ಕಲಿತದ್ದು ಇಷ್ಟು: ಹೊಸ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು ‘ಓದು’ ಎಂದು ದೂರ ಹೋಗಬಾರದು. ಮೊದಲ ಅಧ್ಯಾಯವನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಬೇಕು. ತಡೆಯುವ ಮಾತು ಬಂದಲ್ಲಿ ನಮ್ಮ ಮನೆಯ ಮಾತನ್ನು ಅದರ ಪಕ್ಕದಲ್ಲಿಟ್ಟು ಮುಂದೆ ಸಾಗಬೇಕು. ನಿಘಂಟನ್ನು ತರಬೇಕಾಗಿಲ್ಲ. ಕಥೆ ಬಿಸಿಯೇರಿದಲ್ಲಿ, ಹುಡುಗ ಬಾವಿಗೆ ಇಳಿದಿರುವಾಗಲೋ ಕಳ್ಳ ಬಾಗಿಲು ತಟ್ಟಿರುವಾಗಲೋ, “ಇನ್ನು ನನಗೆ ಅಡುಗೆಯ ಕೆಲಸವಿದೆ” ಎಂದು ತಾಯಿ ಎದ್ದುಹೋಗಬೇಕು. ಉಳಿದದ್ದನ್ನು ಮಗು ತಾನೇ ನೋಡಿಕೊಳ್ಳುತ್ತದೆ. ತಾಯಿಗೆ ಓದು ಬಾರದಿದ್ದರೆ ಅಜ್ಜಿಯ ಕಥೆಯಾದರೂ ಆಗಲಿ, ಅದೂ ಕನ್ನಡವೇ. ಎ. ಕೆ. ರಾಮಾನುಜನ್ ಅವರಂಥ ವಿದ್ವಾಂಸರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಉಪನ್ಯಾಸಕರಾಗಿದ್ದಾಗ ಆ ಸೀಮೆಯ ಹೆಂಗಸರ ಬಾಯಿಂದ ಇಂಥ ಕಥೆಗಳನ್ನೇ ಕೇಳಿ ಬರೆದುಕೊಂಡರು. ಅವು ಮುಂದೆ ಇಂಗ್ಲಿಷಿನಲ್ಲಿ ಜಗತ್ತಿಗೆಲ್ಲ ತಿಳಿದವು. ಚಡಚಣದ ಸಿಂಪಿ ಲಿಂಗಣ್ಣನವರು ಸಂಗ್ರಹಿಸಿದ ಉತ್ತರ ಕರ್ನಾಟಕದ ಜನಪದ ಕಥೆಗಳು ನಮ್ಮ ಮಕ್ಕಳಿಗೆ ನೇರವಾಗಿ ತಿಳಿಯುತ್ತವೆ. ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ಅಚ್ಚಿನಲ್ಲಿ ಕಂಡಾಗ ಮಗುವಿನ ಮುಖದಲ್ಲಿ ಬರುವ ಹಿಗ್ಗನ್ನು ನೋಡಬೇಕು.

ಅಂಗಡಿಯಲ್ಲಿ ಪುಸ್ತಕವನ್ನು ಪರೀಕ್ಷಿಸುವುದು ಹೇಗೆಂದು ತಾಯಂದಿರು ಕೇಳುತ್ತಾರೆ. ನಾವು ಮಾಡುವುದು ಹೀಗೆ. ಮುನ್ನುಡಿಯನ್ನು ನೋಡುವುದಿಲ್ಲ, ಅದು ದೊಡ್ಡವರಿಗಾಗಿ ಬರೆದದ್ದು. ಮೊದಲ ಪುಟವನ್ನು ಓದುತ್ತೇವೆ. ಅಲ್ಲಿ ಏನಾದರೂ ನಡೆಯುತ್ತದೆಯೇ, ಅಥವಾ ಬರಿಯ ಸೂರ್ಯೋದಯದ ವರ್ಣನೆಯೇ? ಅನಂತರ ನಡುವಿನ ಒಂದು ಪುಟವನ್ನು ತೆರೆಯುತ್ತೇವೆ. ಆ ಒಂದು ಪುಟದಲ್ಲಿ ನಮ್ಮ ಮಗುವಿಗೆ ತಿಳಿಯದ ಮಾತು ಐದಾರಕ್ಕಿಂತ ಹೆಚ್ಚಿದ್ದರೆ ಪುಸ್ತಕವನ್ನು ಹಿಂದಕ್ಕಿಟ್ಟು ಮುಂದಿನ ವರ್ಷಕ್ಕೆ ಹೆಸರು ಬರೆದುಕೊಳ್ಳುತ್ತೇವೆ. ಒಂದೂ ಇಲ್ಲದಿದ್ದರೆ ಅದು ತಮ್ಮನಿಗೆ ಹೊಂದುವ ಪುಸ್ತಕ. ಪುಟಗಳು ನೂರರ ಆಚೀಚೆ ಇರಲಿ, ಅಧ್ಯಾಯಗಳು ಚಿಕ್ಕದಾಗಿರಲಿ, ಅಕ್ಷರ ಕಣ್ಣಿಗೆ ಬಡಿಯುವಷ್ಟು ಸಣ್ಣದಾಗಿರದಿರಲಿ. ಕಥೆಯ ಕೊನೆಯಲ್ಲಿ ‘ಇದರಿಂದ ತಿಳಿಯುವ ನೀತಿಯೇನೆಂದರೆ’ ಎಂದಿದ್ದರೆ ನಮಗೆ ಸ್ವಲ್ಪ ಸಂಶಯ ಬರುತ್ತದೆ. ಕಡೆಯದಾಗಿ, ಹೀಗೆ ಆರಿಸಿದ ಮೂರು ಪುಸ್ತಕಗಳನ್ನು ಮಗುವಿನ ಮುಂದಿಟ್ಟು ಒಂದನ್ನು ಅದೇ ತೆಗೆದುಕೊಳ್ಳಲೆಂದು ಬಿಡುತ್ತೇವೆ. ಅದು ನಾವು ಮೆಚ್ಚಿದ್ದನ್ನು ತೆಗೆದುಕೊಳ್ಳದಿದ್ದರೆ ಬೇಸರಪಡುವುದಿಲ್ಲ. ನಿಜವಾಗಿ ಹೇಳಬೇಕೆಂದರೆ ಸ್ವಲ್ಪ ಬೇಸರವಾಗುತ್ತದೆ, ಆದರೆ ತೋರಿಸಿಕೊಳ್ಳುವುದಿಲ್ಲ.

ಓದಿ ಅರ್ಧಕ್ಕೆ ಬಿಡುವ ಸ್ವಾತಂತ್ರ್ಯವೂ ಮಗುವಿಗೆ ಇರಬೇಕು. ‘ದುಡ್ಡು ಕೊಟ್ಟು ತಂದದ್ದು, ಮುಗಿಸಲೇಬೇಕು’ ಎಂಬ ಹಟವು ಅನೇಕ ಮನೆಗಳಲ್ಲಿದೆ. ನಾವು ಊಟದ ವಿಷಯದಲ್ಲಿ ಮಾಡುವ ಹಟವನ್ನೇ ಇಲ್ಲಿಯೂ ಮಾಡುತ್ತೇವೆ. ಹಾಗೆ ಮುಗಿಸಿದ ಮಗು ಎರಡನೆಯ ಪುಸ್ತಕವನ್ನು ಕೇಳಲು ಬರುವುದಿಲ್ಲ.

ಮರಾಠಿ ಪುಸ್ತಕಗಳ ವಿಷಯವನ್ನು ಎತ್ತದೆ ಇರಲಾಗದು. ‘ಹಾಗಾದರೆ ಫಾಸ್ಟರ್ ಫೇಣೆಯನ್ನು ಕಸಿದುಕೊಳ್ಳಬೇಕೇ’ ಎಂದು ನಮ್ಮ ಗೆಳೆಯರೊಬ್ಬರು ಕೇಳಿದರು. ಎಂದಿಗೂ ಬೇಡ. ನಮ್ಮ ಮಕ್ಕಳು ಇಲ್ಲಿಯೇ ಬಾಳತಕ್ಕವರು. ನೆರೆಮನೆಯ ಭಾಷೆಯಲ್ಲಿ ಅವರಿಗೆ ದೊರೆತಿರುವ ಸಂತೋಷ ನಿಜವಾದದ್ದು. ಸಾನೆ ಗುರೂಜಿಯವರ ‘ಶ್ಯಾಮಚಿ ಆಯಿ’ 1935ರಲ್ಲಿ ಅಚ್ಚಾದ ಮೇಲೆ ಈ ಪ್ರಾಂತದ ಎಷ್ಟು ಕನ್ನಡ ಮನೆಗಳಲ್ಲಿ ಕಣ್ಣೀರಿನೊಡನೆ ಓದಿದ್ದಾರೆಂಬುದು ನಿಮಗೆ ಗೊತ್ತಿದೆ. ನಾವೂ ಹುಡುಗರಾಗಿದ್ದಾಗ ಅತ್ತವರೇ. ಕಸಿದುಕೊಂಡ ಪುಸ್ತಕಕ್ಕೆ ರುಚಿ ಇಮ್ಮಡಿಯಾಗುತ್ತದೆ. ಕನ್ನಡವು ಕಾವಲುಗಾರನ ಭಾಷೆಯಾಗಿಬಿಡುತ್ತದೆ. ಮರಾಠಿ ಪುಸ್ತಕವು ದಿಂಬಿನ ಕೆಳಗೆ ಇರಲಿ. ಅದರ ಮಗ್ಗುಲಲ್ಲಿ ಅಷ್ಟೇ ಕಾವಿನ ಕನ್ನಡ ಪುಸ್ತಕವೊಂದೂ ಇರಲಿ ಎಂಬಿಷ್ಟೇ ನಮ್ಮ ಆಸೆ. ಮಗು ಒಂದು ಭಾಷೆಯಲ್ಲಿ ಓದುವ ಚಟವನ್ನು ಹಿಡಿದಿದ್ದರೆ ನಮ್ಮ ಕೆಲಸ ಅರ್ಧವಾಯಿತು. ಏನನ್ನೂ ಓದದೆ ಮೊಬೈಲನ್ನು ತೀಡುತ್ತ ಕುಳಿತ ಮಗುವಿನ ಚಿಂತೆ ಇದಕ್ಕಿಂತ ದೊಡ್ಡದು. ಅದರಲ್ಲಿಯೂ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕಥೆಗಳು ಹಣವಿಲ್ಲದೆ ಓದಲು ದೊರೆಯುತ್ತವೆ. ಚಿಕ್ಕ ತಮ್ಮ ತಂಗಿಯರಿಗೆ ಓದಿ ಹೇಳಲು ಅವು ಚೆನ್ನಾಗಿವೆ.

ಇನ್ನು ಪುಸ್ತಕಗಳು ಮನೆಗೆ ಬರುವ ದಾರಿ. ಓದಿನ ವಿಷಯದಲ್ಲಿ ಕೊಲ್ಲಾಪುರವು ಹಿಂದುಳಿದ ಊರಲ್ಲ. ಕರವೀರ ನಗರ ವಾಚನ ಮಂದಿರವು 1850ರಲ್ಲಿ ಹುಟ್ಟಿತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿದರು. 1945ರಲ್ಲಿ ಕೊಲ್ಲಾಪುರ ಸಂಸ್ಥಾನವು ಸಾರ್ವಜನಿಕ ಗ್ರಂಥಾಲಯಗಳ ಕಾನೂನನ್ನು ಮಾಡಿತು. ಇಡೀ ಭಾರತದಲ್ಲಿ ಇಂಥ ಕಾನೂನು ಅದೇ ಮೊದಲು. ಮದರಾಸು ಪ್ರಾಂತದ್ದು 1948ರದು, ಮೈಸೂರು ರಾಜ್ಯದ್ದು 1965ರದು. ಇಂಥ ನಾಡಿನಲ್ಲಿ ಬಾಳುವ ನಾವು ನಮ್ಮ ಮಕ್ಕಳಿಗಾಗಿ ಒಂದು ಕಪಾಟು ಕನ್ನಡ ಪುಸ್ತಕಗಳ ಏರ್ಪಾಡನ್ನು ಮಾಡದೆ ಇದ್ದರೆ ಯಾರನ್ನು ದೂರೋಣ?

ಗುಜರಾತಿನ ಗಿಜುಭಾಯಿ ಬಧೇಕಾ ಅವರು ‘ದಿವಾಸ್ವಪ್ನ’ವೆಂಬ ಪುಸ್ತಕದಲ್ಲಿ ಒಬ್ಬ ಶಿಕ್ಷಕನ ಕಥೆಯನ್ನು ಹೇಳಿದ್ದಾರೆ. ಅವನು ತರಗತಿಯಲ್ಲಿ ಪಾಠಕ್ಕಿಂತ ಮೊದಲು ಕಥೆಯನ್ನು ಹೇಳುತ್ತಾನೆ. ಪಠ್ಯಪುಸ್ತಕದ ಹಣವನ್ನು ಒಟ್ಟುಗೂಡಿಸಿ ಮಕ್ಕಳಿಗೆ ಕಥೆಯ ಪುಸ್ತಕಗಳ ಚಿಕ್ಕ ಗ್ರಂಥಾಲಯವನ್ನು ಮಾಡಿಕೊಡುತ್ತಾನೆ. ಅಷ್ಟು ಧೈರ್ಯ ನಮಗಿಲ್ಲ. ಆದರೆ ಆ ಇಚಲಕರಂಜಿಯ ಮನೆಯಿಂದ ಬಂದ ಮೇಲೆ ನಾವು ಹಳೆಯ ತಗಡಿನ ಟ್ರಂಕೊಂದನ್ನು ಒರೆಸಿ, ಗೆಳೆಯರಿಂದ ಹಣ ಕೂಡಿಸಿ, ನಲವತ್ತು ಪುಸ್ತಕಗಳನ್ನು ತುಂಬಿದೆವು. ಶಾಲೆಯ ದಿನಗಳಲ್ಲಿ ಅದು ನಮ್ಮ ತರಗತಿಯ ಮೂಲೆಯಲ್ಲಿರುತ್ತದೆ. ರಜೆಯಲ್ಲಿ ಇಚಲಕರಂಜಿಯ ಗೆಳೆಯರೊಬ್ಬರ ಪಡಸಾಲೆಗೆ ಹೋಗುತ್ತದೆ. ಬೀಗವಿಲ್ಲ. ಒಂದು ನೋಟುಪುಸ್ತಕ ಮಾತ್ರ ಇದೆ. ಅದರಲ್ಲಿ ಮಕ್ಕಳೇ ಹೆಸರು ಬರೆಯುತ್ತಾರೆ.

ಆ ನೋಟುಪುಸ್ತಕವು ನಮಗೆ ಅನೇಕ ಪಾಠಗಳನ್ನು ಕಲಿಸಿತು. ನಾವು ಬಹಳ ನೆಚ್ಚಿ ಇಟ್ಟಿದ್ದ ತೇಜಸ್ವಿಯವರ ‘ಕರ್ವಾಲೊ’ವನ್ನು ಆರನೆಯವರು ಹತ್ತು ಪುಟಕ್ಕೆ ಹಿಂತಿರುಗಿಸಿದರು, ಎಂಟು ಒಂಬತ್ತನೆಯವರು ಸರದಿ ನಿಂತರು. ಅದೇ ತೇಜಸ್ವಿಯವರ ‘ಪರಿಸರದ ಕತೆ’ಯ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿದರೆ ಐದನೆಯವರೂ ನಕ್ಕು ನಕ್ಕು ಬೀಳುತ್ತಾರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಈ ವಯಸ್ಸಿಗೆ ಚಿಕ್ಕದಾಯಿತೆಂದು ಎಣಿಸಿ ನಾವು ಅದನ್ನು ಇಟ್ಟಿರಲಿಲ್ಲ. ಒಬ್ಬ ಹುಡುಗಿ ತನ್ನ ಮನೆಯ ಪ್ರತಿಯನ್ನು ತಾನೇ ತಂದು ಟ್ರಂಕಿನಲ್ಲಿ ಹಾಕಿದಳು. ಅದು ಒಂದು ವಾರವೂ ಒಳಗೆ ಉಳಿದಿಲ್ಲ. ಹುಡುಗಿಯರ ಪುಸ್ತಕ ಹುಡುಗರ ಪುಸ್ತಕ ಎಂದು ನಾವು ಮಾಡಿದ್ದ ವಿಂಗಡಣೆಯೂ ಮೂರನೆಯ ವಾರಕ್ಕೇ ಕೆಟ್ಟುಹೋಯಿತು. ಹಾವಿನ ಪುಸ್ತಕವನ್ನು ಅತಿ ಹೆಚ್ಚು ಸಲ ಒಯ್ದವರು ಹುಡುಗಿಯರು. ನಮ್ಮ ಬಹುಮಾನದ ಕಾಲದ ಸುಭಾಷಿತ ಸಂಗ್ರಹವೊಂದನ್ನು ನಾವು ಪರೀಕ್ಷೆಗಾಗಿಯೇ ಇಟ್ಟಿದ್ದೆವು. ಅದರ ಎದುರಿಗೆ ಇದುವರೆಗೆ ಒಂದು ಹೆಸರಿದೆ. ಅದು ನಮ್ಮ ಶಾಲೆಯ ಸಂಸ್ಕೃತ ಮಾಸ್ತರರದು.

ಸಂಘದ ಅಧ್ಯಕ್ಷರಲ್ಲಿ ನಮ್ಮ ಅರಿಕೆ ಒಂದೇ. ಪ್ರತಿ ವರ್ಷ ಈ ವೇದಿಕೆಯ ಮೇಲೆ ಮಕ್ಕಳಿಗೆ ಕೊಡುವ ಪುಸ್ತಕಗಳ ಪಟ್ಟಿಯನ್ನು ಬರುವ ವರ್ಷದಿಂದ ನಾವು ಮಾಡದಿರೋಣ. ಬಹುಮಾನ ಪಡೆಯುವ ಮಕ್ಕಳಲ್ಲಿ ಐದಾರು ಮಂದಿಯನ್ನು ಕರೆದುಕೊಂಡು ಒಂದು ದಿನ ಬೆಳಗಾವಿಗೋ ಧಾರವಾಡಕ್ಕೋ ಹೋಗೋಣ. ಕೆಂಪು ಬಸ್ಸಿನ ಖರ್ಚೂ ಒಂದು ಊಟದ ಖರ್ಚೂ ಹೆಚ್ಚಾದೀತು. ಅವರು ಆರಿಸಲಿ, ನಾವು ಹಣ ಕೊಡೋಣ. ಮೂರು ಊರುಗಳಿಗೂ ಒಂದೊಂದು ಟ್ರಂಕು ಆದರೆ ಇನ್ನೂ ಒಳ್ಳೆಯದು. ವ್ಯಾಪಾರಸ್ಥರಾದ ಮಹನೀಯರು ಇಲ್ಲಿ ಅನೇಕರಿದ್ದಾರೆ. ಹೆಸರು ಹೇಳಿ ಅವರನ್ನು ಸಂಕೋಚಕ್ಕೆ ಗುರಿಮಾಡುವುದಿಲ್ಲ.

ನಮ್ಮ ಟ್ರಂಕನ್ನು ಇಂದು ಮಂಟಪದ ಬಾಗಿಲ ಬಳಿ ಇರಿಸಿದ್ದೇವೆ. ಊಟಕ್ಕೆ ಹೋಗುವ ಮೊದಲು ಮಕ್ಕಳನ್ನು ಅಲ್ಲಿಗೆ ಬಿಡಿರಿ. ತಾವೂ ಒಂದು ಪುಸ್ತಕವನ್ನು ಎತ್ತಿ ಮೊದಲ ಪುಟವನ್ನು ನೋಡಿರಿ. ಇದ್ದ ನಲವತ್ತೊಂದರಲ್ಲಿ ಈಗ ಮೂವತ್ತೆಂಟು ಇವೆ. ‘ಬಾವಲಿ ಗುಹೆ’ಯು ಎರಡು ತಿಂಗಳಿಂದ ಕಾಣುತ್ತಿಲ್ಲ, ನೋಟುಪುಸ್ತಕದಲ್ಲಿ ಅದರ ಎದುರಿಗೆ ಇರುವ ಹೆಸರು ನೀರು ಬಿದ್ದು ಅಳಿಸಿದೆ. ಯಾರ ಮನೆಯ ದಿಂಬಿನ ಕೆಳಗಾದರೂ ಇದ್ದರೆ ಅವಸರವಿಲ್ಲ, ಮುಗಿಸಿಯೇ ತಂದುಕೊಡಲಿ.